ಕ್ಯಾಸಿನೊ ಕ್ಯಾಮೆರಾ ನೆಟ್‌ವರ್ಕ್: ಸರಾಸರಿ ಲೆಕ್ಕ ಕೈಕೊಡುವ ಜಾಗಗಳು

ರೂಲೆಟ್ ಚೆಂಡು ಗುಳಿಯಲ್ಲಿ ಕೂತ ಮೇಲೆ ಚಿಪ್‌ಗಳನ್ನು ಗೆದ್ದ ಅಂಕಿಯ ಮೇಲೆ ಸರಿಸಲು ಪಳಗಿದ ಕೈಗೆ ಅರ್ಧ ಸೆಕೆಂಡ್ ಸಾಕು. ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ ಅದು 15 ಫ್ರೇಮ್. ಸರಿಯಾಗಿ ಅದೇ ಹೊತ್ತಿಗೆ ಚಿತ್ರ ಕಲಸಿಹೋಗಿದ್ದರೆ ಉಳಿದ ದಿನದ ರೆಕಾರ್ಡಿಂಗ್ ಎಷ್ಟೇ ಚೆನ್ನಾಗಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ ಬುಡಕಟ್ಟು ಸಮುದಾಯಗಳು ನಡೆಸುವ ಕ್ಯಾಸಿನೊಗಳಿಗೆಂದು ಬರೆದ ಫೆಡರಲ್ ಮಾನದಂಡ ಸೆಕೆಂಡಿಗೆ ಕನಿಷ್ಠ 20 ಫ್ರೇಮ್ ಕೇಳುತ್ತದೆ, ರೆಕಾರ್ಡಿಂಗ್ ಕನಿಷ್ಠ 7 ದಿನ ಇರಬೇಕು ಎನ್ನುತ್ತದೆ. ಆಫೀಸಿನ ಸಿಸಿಟಿವಿಗೆ ಹಾಕುವ ನೆಟ್‌ವರ್ಕನ್ನೇ ದೊಡ್ಡದು ಮಾಡಿದರೆ ಇಲ್ಲಿ ಕೆಲಸ ನಡೆಯುವುದಿಲ್ಲ.

ಮೊದಲು ಪ್ಯಾಕೆಟ್ (ನೆಟ್‌ವರ್ಕಿನಲ್ಲಿ ಸಾಗುವ ಡೇಟಾದ ತುಂಡು) ನಷ್ಟದ ಲೆಕ್ಕ ನೋಡಿ. 1080ಪಿ, 30 ಫ್ರೇಮ್, ಎಚ್.264 ವಿಡಿಯೊ ಸಂಕೋಚನ ಅಂದರೆ ಕ್ಯಾಮೆರಾ ಒಂದಕ್ಕೆ 5 ಎಂಬಿಪಿಎಸ್ (ಸೆಕೆಂಡಿಗೆ 5 ಮೆಗಾಬಿಟ್) ಹಿಡಿಯೋಣ. 1400 ಬೈಟ್‌ನ ಪ್ಯಾಕೆಟ್‌ಗಳಾದರೆ ಸೆಕೆಂಡಿಗೆ ಸುಮಾರು 450. ಸಾವಿರಕ್ಕೆ ಒಂದು ಪ್ಯಾಕೆಟ್ ಬಿದ್ದುಹೋದರೆ ಎರಡು ಸೆಕೆಂಡಿಗೊಮ್ಮೆ ಚಿತ್ರದಲ್ಲಿ ಕಲೆ. 0.1 ಶೇಕಡಾ ನಷ್ಟ ಮೇಲ್‌ಗೋ ವೆಬ್‌ಸೈಟಿಗೋ ಗೊತ್ತೇ ಆಗುವುದಿಲ್ಲ, ಅವು ಬಳಸುವ ಟಿಸಿಪಿ ಎಂಬ ಸಾಗಣೆ ವಿಧಾನ ಕಳೆದದ್ದನ್ನು ಮತ್ತೆ ಕಳಿಸಿಬಿಡುತ್ತದೆ. ಕಳೆದದ್ದನ್ನು ಮತ್ತೆ ಕಳಿಸದ ಯುಡಿಪಿ ಮೇಲೆ ಹೋಗುವ ವಿಡಿಯೊದಲ್ಲಿ ಆ ಅನುಕೂಲ ಇಲ್ಲ. ಬಿದ್ದದ್ದು ಐ-ಫ್ರೇಮಿನ (ಇಡೀ ಚಿತ್ರ ಹೊತ್ತ ಫ್ರೇಮ್; ಉಳಿದವು ಬದಲಾದದ್ದನ್ನು ಮಾತ್ರ ಹೊರುತ್ತವೆ) ತುಂಡಾದರೆ ಮುಂದಿನ ಐ-ಫ್ರೇಮ್ ಬರುವ ತನಕ ಕಲೆ ಹಾಗೇ ಉಳಿಯುತ್ತದೆ. ಡಿಸ್ಕ್ ಉಳಿಸಲು 'ಸ್ಮಾರ್ಟ್ ಕೋಡೆಕ್' ಹಾಕಿ ಐ-ಫ್ರೇಮ್‌ಗಳ ನಡುವಿನ ಅಂತರವನ್ನು ಹಲವು ಸೆಕೆಂಡಿಗೆ ಎಳೆಯುವವರಿದ್ದಾರೆ. ಕಾರಿಡಾರಿಗೆ ಸರಿ. ಟೇಬಲ್ ಕ್ಯಾಮೆರಾಕ್ಕೆ ಬೇಡ, ಒಂದು ಸೆಕೆಂಡಿಗೊಂದು ಐ-ಫ್ರೇಮ್ ಇರಲಿ.

ನಷ್ಟ ಆಗುವುದು ಎಲ್ಲಿ? ಹೆಚ್ಚಿನ ಸಲ ಅಪ್‌ಲಿಂಕಿನಲ್ಲಿ (ಕ್ಯಾಮೆರಾ ಕೇಬಲ್‌ಗಳು ಬಂದು ಸೇರುವ ನೆಟ್‌ವರ್ಕ್ ಸ್ವಿಚ್‌ನಿಂದ ಮುಂದಕ್ಕೆ ಹೋಗುವ ಕೊಂಡಿ), ಅದೂ ಗ್ರಾಫ್ ನೋಡಿದರೆ ಲಿಂಕ್ ಖಾಲಿ ಖಾಲಿ ಕಾಣುವಾಗ. ಒಂದು ಸ್ವಿಚ್‌ನಲ್ಲಿ 24 ಕ್ಯಾಮೆರಾ, ತಲಾ 5 ಎಂಬಿಪಿಎಸ್, ಒಟ್ಟು 120. ಒಂದು ಗಿಗಾಬಿಟ್ ಅಪ್‌ಲಿಂಕಿಗೆ ಅದು ಬರೀ 12 ಶೇಕಡಾ. ಆದರೆ ಐ-ಫ್ರೇಮ್ ಒಂದು 200 ಕಿಲೊಬೈಟ್ ಇದ್ದರೆ, ಕ್ಯಾಮೆರಾ ತನ್ನ 100 ಎಂಬಿಪಿಎಸ್ ಪೋರ್ಟನ್ನು 16 ಮಿಲಿಸೆಕೆಂಡ್ ಪೂರ್ತಿ ತುಂಬಿಸಿ ಅದನ್ನು ಉಗುಳುತ್ತದೆ. ಕರೆಂಟ್ ಹೋಗಿ ಬಂದಾಗ ಒಂದೇ ಮಾದರಿಯ ಕ್ಯಾಮೆರಾಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಏಳುತ್ತವೆ, ಐ-ಫ್ರೇಮ್‌ಗಳೂ ಒಟ್ಟಿಗೇ ಬರುವ ಸಂಭವ ಹೆಚ್ಚು. ಆಗ ಒಳಗೆ ಬರುವುದು 2.4 ಗಿಗಾಬಿಟ್ ವೇಗದಲ್ಲಿ, ಹೊರಗೆ ಹೋಗುವುದು 1ರಲ್ಲಿ. 16 ಮಿಲಿಸೆಕೆಂಡಿನಲ್ಲಿ ಹೆಚ್ಚಿಗೆ ಉಳಿಯುವುದು ಸುಮಾರು 2.8 ಮೆಗಾಬೈಟ್. ಅಗ್ಗದ ಸ್ವಿಚ್‌ನ ಬಫರ್ (ತಾತ್ಕಾಲಿಕ ಮೆಮೊರಿ) ಅಷ್ಟು ಹಿಡಿಯದೆ ಉಳಿದದ್ದನ್ನು ಚೆಲ್ಲುತ್ತದೆ. ಐದು ನಿಮಿಷದ ಸರಾಸರಿ ತೋರಿಸುವ ಗ್ರಾಫಿನಲ್ಲಿ ಇದರ ಸುಳಿವೇ ಇರುವುದಿಲ್ಲ. ನೋಡಬೇಕಾದದ್ದು ಚೆಲ್ಲಿದ ಪ್ಯಾಕೆಟ್‌ಗಳನ್ನು ಎಣಿಸುವ, ಪೋರ್ಟಿನ ಔಟ್‌ಪುಟ್ ಡ್ರಾಪ್ ಕೌಂಟರ್. 24 ಕ್ಯಾಮೆರಾಕ್ಕೂ 10 ಗಿಗಾಬಿಟ್ ಅಪ್‌ಲಿಂಕ್ ಕೇಳಿದರೆ ದುಂದು ಎನ್ನುವವರಿಗೆ ಈ ಲೆಕ್ಕ ತೋರಿಸಿ.

ಇನ್ನು ಮಲ್ಟಿಕಾಸ್ಟ್, ಅಂದರೆ ಒಂದೇ ವಿಡಿಯೊವನ್ನು ಕೇಳಿದವರಿಗೆಲ್ಲ ಒಟ್ಟಿಗೆ ಹಂಚುವುದು. ಒಂದೇ ಕ್ಯಾಮೆರಾವನ್ನು ರೆಕಾರ್ಡರ್, ಕಂಟ್ರೋಲ್ ರೂಮಿನ ವಿಡಿಯೊ ವಾಲ್, ಎರಡು ಮೂರು ಆಪರೇಟರ್‌ಗಳು ಒಟ್ಟಿಗೆ ನೋಡುವ ಕಡೆ ಇದು ಬೇಕೇ ಬೇಕು. ಎಡವಟ್ಟುಗಳೂ ಹೆಚ್ಚಾಗಿ ಇಲ್ಲೇ. ವಿಲ್ಯಾನ್‌ನಲ್ಲಿ (ಅದೇ ಸ್ವಿಚ್‌ಗಳಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಐಜಿಎಂಪಿ ಸ್ನೂಪಿಂಗ್ (ಯಾವ ಪೋರ್ಟ್ ಯಾವ ವಿಡಿಯೊ ಕೇಳಿದೆ ಎಂದು ಸ್ವಿಚ್ ಗಮನಿಸುವುದು) ಹಾಕಿ ಕ್ವೆರಿಯರ್ (ಇನ್ನೂ ಬೇಕೇ ಎಂದು ಆಗಾಗ ಪ್ರಶ್ನೆ ಕಳಿಸುವ ಸಾಧನ) ಇಡಲು ಮರೆತರೆ, ಕ್ಯಾಮೆರಾ ತೆರೆದ ತಕ್ಷಣ ಚಿತ್ರ ಚೆನ್ನಾಗೇ ಬರುತ್ತದೆ. ಸುಮಾರು 260 ಸೆಕೆಂಡ್ ಆದ ಮೇಲೆ, ಅಂದರೆ 125 ಸೆಕೆಂಡಿನ ಎರಡು ಪ್ರಶ್ನೆ ತಪ್ಪಿ ಇನ್ನೂ 10 ಸೆಕೆಂಡ್ ಕಳೆದ ಮೇಲೆ, ಸ್ವಿಚ್ ಆ ಸದಸ್ಯತ್ವವನ್ನು ಅಳಿಸುತ್ತದೆ. ಕೆಲವು ಸ್ವಿಚ್‌ಗಳಲ್ಲಿ ಪರದೆ ಕಪ್ಪಾಗುತ್ತದೆ, ಕೆಲವು ಎಲ್ಲ ಪೋರ್ಟಿಗೂ ವಿಡಿಯೊ ಸುರಿಯುತ್ತವೆ. 'ನಾಲ್ಕು ನಿಮಿಷಕ್ಕೆ ಹೋಗುತ್ತೆ' ಎಂಬ ದೂರು ಬಂದರೆ ಕೇಬಲ್ ಎಳೆದಾಡಬೇಡಿ, ಕ್ವೆರಿಯರ್ ಹುಡುಕಿ. ಒಂದಲ್ಲ, ಎರಡು ಇಡಿ.

ವಿಳಾಸ ಹಂಚುವಾಗಲೂ ಎಚ್ಚರ. ಮಲ್ಟಿಕಾಸ್ಟ್ ಐಪಿಯ ಕೊನೆಯ 23 ಬಿಟ್ ಮಾತ್ರ ಮ್ಯಾಕ್ ವಿಳಾಸಕ್ಕೆ (ಸ್ವಿಚ್ ನೋಡುವ ಹಾರ್ಡ್‌ವೇರ್ ಮಟ್ಟದ ವಿಳಾಸ) ಇಳಿಯುತ್ತವೆ. ಹಾಗಾಗಿ 239.0.0.5 ಮತ್ತು 239.128.0.5 ಎರಡೂ 224.0.0.5ರ ಮ್ಯಾಕ್‌ಗೇ ಬೀಳುತ್ತವೆ. ಅದು ರೂಟಿಂಗ್ ಪ್ರೊಟೊಕಾಲ್‌ಗಳಿಗೆ ಮೀಸಲಾದ ಗುಂಪು. ಮ್ಯಾಕ್ ನೋಡಿ ಕೆಲಸ ಮಾಡುವ ಸ್ವಿಚ್ ಅದನ್ನು ಸ್ನೂಪ್ ಮಾಡದೆ ಎಲ್ಲ ಕಡೆ ಹರಡುತ್ತದೆ. 239.0.0 ಮತ್ತು 239.128.0ರಿಂದ ಶುರುವಾಗುವ ವಿಳಾಸಗಳನ್ನು ಮುಟ್ಟಲೇಬೇಡಿ.

ಇದಕ್ಕಿಂತ ಹಿಡಿಯಲು ಕಷ್ಟವಾದದ್ದು ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವೆ ಡೇಟಾ ಸುತ್ತು ಹೊಡೆಯದಂತೆ ತಡೆಯುವ ವ್ಯವಸ್ಥೆ) ಜೊತೆಗಿನ ಕೊಂಡಿ. ಕ್ಯಾಮೆರಾ ಪೋರ್ಟನ್ನು ಎಡ್ಜ್ ಪೋರ್ಟ್ (ಆಚೆ ಬೇರೆ ಸ್ವಿಚ್ ಇಲ್ಲದ ಪೋರ್ಟ್) ಎಂದು ಗುರುತಿಸದಿದ್ದರೆ, ಒಂದು ಕ್ಯಾಮೆರಾ ರೀಸ್ಟಾರ್ಟ್ ಆದರೂ ಸ್ವಿಚ್ ಅದನ್ನು ಟೊಪಾಲಜಿ (ನೆಟ್‌ವರ್ಕಿನ ಜೋಡಣೆ) ಬದಲಾವಣೆ ಎಂದು ಸಾರುತ್ತದೆ. ಆ ಸುದ್ದಿ ಕೇಳಿದ ಅನೇಕ ಸ್ವಿಚ್‌ಗಳು ಯಾರು ಎಲ್ಲಿದ್ದಾರೋ ಗೊತ್ತಿಲ್ಲವೆಂದು ಸ್ವಲ್ಪ ಹೊತ್ತು ಮಲ್ಟಿಕಾಸ್ಟನ್ನು ಎಲ್ಲ ಪೋರ್ಟಿಗೂ ಹರಿಸುತ್ತವೆ. 120 ಎಂಬಿಪಿಎಸ್ ವಿಡಿಯೊ 100ರ ಪೋರ್ಟಿಗೆ ನುಗ್ಗಿದರೆ ಅಲ್ಲಿನ ಕ್ಯಾಮೆರಾಕ್ಕೆ ಉಸಿರುಕಟ್ಟುತ್ತದೆ. ಕಾರಿಡಾರಿನ ಒಂದು ಕೆಟ್ಟ ಕ್ಯಾಮೆರಾ ದೂರದ ಬ್ಲ್ಯಾಕ್‌ಜಾಕ್ ಟೇಬಲ್‌ನ ಚಿತ್ರ ಹಾಳು ಮಾಡುವುದು ಹೀಗೆ.

ಸ್ವಿಚ್ ಒಂದಲ್ಲ ಒಂದು ದಿನ ಸಾಯುತ್ತದೆ. ಆದ್ದರಿಂದ ಒಂದೇ ಟೇಬಲ್ ನೋಡುವ ಎರಡು ಕ್ಯಾಮೆರಾಗಳನ್ನು ಎರಡು ಬೇರೆ ಸ್ವಿಚ್‌ಗೆ, ಸಾಧ್ಯವಾದರೆ ಬೇರೆ ಬೇರೆ ಯುಪಿಎಸ್ ಇರುವ ಎರಡು ರ‍್ಯಾಕ್‌ಗೆ ಎಳೆಯಿರಿ. ಕೇಬಲ್ ಹೆಚ್ಚಾಗುತ್ತದೆ, ಎಳೆಯುವವರು ಗೊಣಗುತ್ತಾರೆ, ಆದರೂ ಬಿಡಬೇಡಿ. 100 ಮೀಟರ್ ಮಿತಿ ನೆನಪಿರಲಿ. ತಾಮ್ರ ಬಳಿದ ಅಲ್ಯೂಮಿನಿಯಂ ತಂತಿಯ ಕೇಬಲ್ ಒಳಗೆ ಬಿಡಬೇಡಿ: ರೆಸಿಸ್ಟೆನ್ಸ್ ಜಾಸ್ತಿ, ದೂರದ ಪಿಟಿಜೆಡ್ (ತಿರುಗುವ, ಜೂಮ್ ಮಾಡುವ ಕ್ಯಾಮೆರಾ) ತಿರುಗಲು ಹೊರಟಾಗ ವೋಲ್ಟೇಜ್ ಕುಸಿದು ರೀಸ್ಟಾರ್ಟ್ ಆಗುತ್ತದೆ.

ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವುದು) ಲೆಕ್ಕವನ್ನು ಪೋರ್ಟಿನ ಮಿತಿ ನೋಡಿ ಮಾಡಬೇಡಿ, ಇಡೀ ಸ್ವಿಚ್‌ನ ವ್ಯಾಟ್ ನೋಡಿ. 802.3ಎಟಿ ಮಾನದಂಡದ ಪೋರ್ಟ್ 30 ವ್ಯಾಟ್ ಕೊಡುತ್ತದೆ ನಿಜ. ಆದರೆ 370 ವ್ಯಾಟ್ ಬಜೆಟ್ಟಿನ 24 ಪೋರ್ಟಿನ ಸ್ವಿಚ್‌ಗೆ 12 ವ್ಯಾಟಿನ 16 ಕ್ಯಾಮೆರಾ, 25 ವ್ಯಾಟಿನ 8 ಪಿಟಿಜೆಡ್ ಹಾಕಿದರೆ 392 ಆಯಿತು. ಪಿಟಿಜೆಡ್‌ಗಳೆಲ್ಲ ಒಟ್ಟಿಗೆ ತಿರುಗದ ದಿನ ಏನೂ ತಿಳಿಯುವುದಿಲ್ಲ. ಕರೆಂಟ್ ಸಾಲದಾಗ ಯಾವುದು ಉಳಿಯಬೇಕೆಂದು ಪೋರ್ಟಿಗೆ ಆದ್ಯತೆ ಕೊಡಿ: ಟೇಬಲ್ ಮತ್ತು ಹಣ ಎಣಿಸುವ ಕೋಣೆ ಮೇಲೆ, ಕಾರಿಡಾರ್ ಕೆಳಗೆ.

ಡಿಸ್ಕ್ ಲೆಕ್ಕ ಸರಳ: 5 ಎಂಬಿಪಿಎಸ್ ಅಂದರೆ ದಿನಕ್ಕೆ 54 ಜಿಬಿ. 600 ಕ್ಯಾಮೆರಾ, 7 ದಿನಕ್ಕೆ ಸುಮಾರು 227 ಟಿಬಿ, ರೇಡ್‌ಗೆ (ಡಿಸ್ಕ್ ಕೆಟ್ಟರೂ ಡೇಟಾ ಉಳಿಸುವ ಜೋಡಣೆ) ಬೇಕಾದದ್ದು ಬೇರೆ. ಎಲ್ಲ ಕ್ಯಾಮೆರಾ, ರೆಕಾರ್ಡರ್‌ಗಳ ಗಡಿಯಾರ ಒಳಗಿನ ಎರಡು ಎನ್‌ಟಿಪಿ (ಸಮಯ ಹೊಂದಿಸುವ) ಸರ್ವರ್‌ಗಳಿಂದಲೇ ಬರಲಿ. ಎರಡು ಕೋನದ ಚಿತ್ರಗಳ ಸಮಯ ಹೊಂದದಿದ್ದರೆ ವಾದಕ್ಕೆ ಜಾಗ ಸಿಗುತ್ತದೆ. ಅತಿಥಿಗಳ ವೈಫೈ, ಸ್ಲಾಟ್ ಮೆಷಿನ್‌ಗಳ ನೆಟ್‌ವರ್ಕ್ ಇದರ ಹತ್ತಿರವೂ ಸುಳಿಯಬಾರದು, ವಿಲ್ಯಾನ್ ಬೇರೆ ಮಾಡಿದರಷ್ಟೇ ಸಾಲದು, ಸ್ವಿಚ್‌ಗಳೇ ಬೇರೆ ಇರಲಿ.

ಒಪ್ಪಿಸುವ ಮುನ್ನ ಒಂದು ರ‍್ಯಾಕ್‌ನ ಕರೆಂಟ್ ಪೂರ್ತಿ ತೆಗೆದು ಮತ್ತೆ ಕೊಡಿ, ಕ್ಯಾಮೆರಾಗಳೆಲ್ಲ ಎದ್ದ ಮೇಲೆ ಡ್ರಾಪ್ ಕೌಂಟರ್ ನೋಡಿ. ಆಮೇಲೆ ಕ್ವೆರಿಯರ್ ಆಗಿರುವ ಸ್ವಿಚ್ ಆಫ್ ಮಾಡಿ, ವಿಡಿಯೊ ವಾಲ್ ಮುಂದೆ ಹತ್ತು ನಿಮಿಷ ಕೂತಿರಿ. ಎರಡು ನಿಮಿಷಕ್ಕೇ ಎದ್ದು ಹೋದರೆ 260ನೇ ಸೆಕೆಂಡಿಗೆ ಆಗುವುದನ್ನು ರಾತ್ರಿ ಪಾಳಿಯವರು ನೋಡುತ್ತಾರೆ.