ಕೆರೆಯ ನೀರಲ್ಲೇ ಬಣ್ಣ ಕಲಸಿದ ಸರ್

ನಮ್ಮ ಡ್ರಾಯಿಂಗ್ ಸರ್ ಗುಡ್ಡ ಬರೆದದ್ದನ್ನಾಗಲಿ, ಗುಡಿ-ಗೋಪುರ ಬರೆದದ್ದನ್ನಾಗಲಿ ನಾನು ನೋಡಿಲ್ಲ. ಅವರು ಬರೆದದ್ದೆಲ್ಲ ಕೆರೆಯ ಅಂಚು. ಜೊಂಡುಹುಲ್ಲು, ಕೆಸರು, ಅರ್ಧ ಮುಳುಗಿದ ಜಾಲಿ ಗಿಡ, ನಡುವೆ ಒಂದು ಬೆಳ್ಳಕ್ಕಿ.

1998ರ ಡಿಸೆಂಬರ್. ನಾನು ಒಂಬತ್ತನೇ ಕ್ಲಾಸು. ಒಂದು ರವಿವಾರ ಸರ್ ನಮ್ಮ ಎಂಟು ಜನರನ್ನು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಕರೆದುಕೊಂಡು ಹೋದರು. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಹಕ್ಕಿಗಳು. ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಕೆರೆಯಲ್ಲಿ ದಣಿವಾರಿಸಿಕೊಳ್ಳುತ್ತವೆ. ಅಷ್ಟು ಹಕ್ಕಿ ಒಟ್ಟಿಗೆ ನಾನು ಅದುವರೆಗೂ ಕಂಡಿರಲಿಲ್ಲ.

ಅರ್ಧ ತಾಸು ಪೆನ್ಸಿಲ್ ಮುಟ್ಟುವ ಹಾಗಿರಲಿಲ್ಲ. "ಮೊದಲ ಸುಮ್ನ ಕುಂತು ನೋಡ್ರಿ" ಎಂದರು. ಆಮೇಲೆ ನಾನು ಮೊದಲು ಹಚ್ಚಿದ್ದೇ ನೀಲಿ. ಸರ್ ಪಕ್ಕದಲ್ಲಿ ಬಂದು ಕುಳಿತರು. "ನೀಲಿ ಎಲ್ಲೈತಿ ತಂಗಿ, ತೋರ್ಸು."

ನೋಡಿದೆ. ಎಲ್ಲೂ ಇರಲಿಲ್ಲ! ದಡದ ನೀರು ಚಹಾದ ಬಣ್ಣ. ನಡುವೆ ಬೂದಿ. ಆಚೆ ದಂಡೆಯ ಹತ್ತಿರ ಹೊಸ ಅಲ್ಯುಮಿನಿಯಂ ಪಾತ್ರೆಯ ಹಾಗೆ ಒಂದು ಗೆರೆ ಬೆಳಕು.

ಹಕ್ಕಿಯ ತಲೆಗೆಂದು ಬಿಳಿ ಬಣ್ಣದ ಟ್ಯೂಬ್ ತೆಗೆದೆ. ಅಪ್ಪನಿಗೆ ಗಂಟುಬಿದ್ದು ಕೊಡಿಸಿಕೊಂಡಿದ್ದು. ಸರ್ ಅದನ್ನು ಮೆಲ್ಲಗೆ ಡಬ್ಬಿಗೇ ವಾಪಸ್ ಇಟ್ಟರು. "ಕಾಗದನ ಬಿಳಿ ಐತಲ್ಲ, ಅದನ್ನ ಬಿಡು." ಬ್ರಷ್ ತೆಗೆದುಕೊಂಡು ಶೇಂಗಾ ಬೀಜದಷ್ಟು ಜಾಗ ಬಿಟ್ಟು ಸುತ್ತ ಬೂದಿ ಬಣ್ಣ ಹರಿಸಿದರು. ಒಣಗುವ ತನಕ ಕಾದರು. ಬ್ರಷ್ಷಿನ ತುದಿಯಿಂದ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಮುಂದೆ ಒಂದು ಹಳದಿ ಚುಕ್ಕೆ. ನನ್ನ ಕಾಗದದ ಮೇಲೆ ಹೆಬ್ಬಾತು ಬಂದು ಕುಳಿತಿತ್ತು.

ಅವತ್ತು ನೀರಿನ ಬಾಟಲಿ ಬಸ್ಸಿನಲ್ಲೇ ಉಳಿದಿತ್ತು. ಸರ್ ತಗಡಿನ ಡಬ್ಬಿಯಲ್ಲಿ ಕೆರೆಯ ನೀರನ್ನೇ ತುಂಬಿ ತಂದರು. ಎಲ್ಲರೂ ಅದರಲ್ಲೇ ಬಣ್ಣ ಕಲಸಿದೆವು. ಈಗಲೂ ಆ ಚಿತ್ರದ ಮೇಲೆ ಬೆರಳಾಡಿಸಿದರೆ ಸಣ್ಣ ರವೆಯಂತೆ ಮಣ್ಣು ತಾಕುತ್ತದೆ.

ಸರ್ ಆಗಾಗ ರುಮಾಲೆ ಚನ್ನಬಸವಯ್ಯನವರ (1910–1988) ಹೆಸರು ತೆಗೆಯುತ್ತಿದ್ದರು. ಬೆಂಗಳೂರಿನ ಹೂಬಿಟ್ಟ ಮರಗಳ ಎದುರೇ ಕುಳಿತು ಚಿತ್ರ ಬರೆದವರು. "ಅವರಿಗೆ ಮರ, ನನಗ ಕೆಸರು" ಎನ್ನುವಾಗ ಸರ್ ಮುಖ ಅರಳುತ್ತಿತ್ತು. ಕೆಸರು ಬತ್ತಿದರೆ ಹುಳ ಇಲ್ಲ, ಹುಳ ಇಲ್ಲದಿದ್ದರೆ ಉಲ್ಲಂಕಿ ಹಕ್ಕಿ ಇಲ್ಲ ಅಂತ ನಮಗೆ ಹೇಳಿದವರು ವಿಜ್ಞಾನದ ಮೇಷ್ಟ್ರಲ್ಲ, ಇವರು.

2024ರಲ್ಲಿ ಅಂಕಸಮುದ್ರ, ಅಘನಾಶಿನಿ ಜೊತೆ ಮಾಗಡಿ ಕೆರೆಯೂ ರಾಮ್ಸರ್ ಪಟ್ಟಿ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿ, ಸೇರಿತು. ಪೇಪರಿನಲ್ಲಿ ಓದಿದಾಗ ಫೋನ್ ಮಾಡಿ ಹೇಳೋಣ ಅಂದರೆ ಸರ್ ಇರಲಿಲ್ಲ. ಅವರು ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.

ಹೋದ ತಿಂಗಳು ಶಾಲೆಗೆ ಬಂದಿದ್ದೆ. ಸರ್ ಬರೆದ ಕೆರೆಯ ಚಿತ್ರ ಡ್ರಾಯಿಂಗ್ ರೂಮಿನಲ್ಲಿ ಇನ್ನೂ ಇದೆ, ಕಿಟಕಿಯ ಎದುರಿಗೇ. ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಜಲವರ್ಣ ಬಿಸಿಲಿಗೆ ಮಾಸುತ್ತದೆ. ಎಡಗಡೆಯ ಜೊಂಡು ಆಗಲೇ ತೆಳುವಾಗಿದೆ. ಇದನ್ನು ಓದುವ ಮಕ್ಕಳೇ, ಯಾರಾದರೂ ಸರ್‌ಗಳನ್ನು ಕೇಳಿ ಅದನ್ನು ಬಾಗಿಲ ಪಕ್ಕದ ಗೋಡೆಗೆ ಹಾಕಿಸಿ. ಅಲ್ಲಿ ಮೊಳೆ ಇದೆ, ನೋಡಿ ಬಂದಿದ್ದೇನೆ.