ಯಕೃತ್ತಿನ ಕೊಬ್ಬು ಮತ್ತು ತನ್ನನ್ನೇ ತಿನ್ನುವ ಕೋಶ

14 ಮಾರ್ಚ್ 2025, ಶುಕ್ರವಾರ

ಸ್ಕ್ಯಾನಿಂಗ್ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂದು ಬಂದಿರುವ ಸ್ನೇಹಿತರೊಬ್ಬರು, ಉಪವಾಸ ಮಾಡಿದರೆ ಆಟೋಫಜಿ ನಡೆದು ಲಿವರ್ ತಾನಾಗಿಯೇ ಶುದ್ಧವಾಗುತ್ತದಂತೆ, ನಿಜವೇ ಎಂದು ನಿನ್ನೆ ಕೇಳಿದ್ದರು. ಹೌದೆನ್ನಲೂ ಅಲ್ಲವೆನ್ನಲೂ ಮನಸ್ಸು ಒಪ್ಪದೆ, ಓದಿ ಹೇಳುತ್ತೇನೆ ಎಂದಿದ್ದೆ. ಇಂದಿನ ಸಂಜೆಯೆಲ್ಲ ಅದರಲ್ಲೇ ಕಳೆಯಿತು.

ಆಟೋಫಜಿಯನ್ನು ಕನ್ನಡದಲ್ಲಿ ಸ್ವಭಕ್ಷಣೆ ಎನ್ನಬಹುದು. ಜೀವಕೋಶವು ತನ್ನೊಳಗಿನ ಹಳೆಯ ಪ್ರೋಟೀನುಗಳನ್ನೂ ಶಕ್ತಿ ತಯಾರಿಸುವ, ಆದರೆ ಕೆಟ್ಟುಹೋದ ಮೈಟೊಕಾಂಡ್ರಿಯಗಳನ್ನೂ ಎರಡು ಪದರದ ಪೊರೆಯಲ್ಲಿ ಸುತ್ತಿ, ಲೈಸೋಸೋಮ್ ಎಂಬ ಕಿಣ್ವಗಳ ಚೀಲಕ್ಕೆ ಒಪ್ಪಿಸಿ, ಅಲ್ಲಿ ಕರಗಿ ಬಂದದ್ದನ್ನು ಮತ್ತೆ ಬಳಸಿಕೊಳ್ಳುವ ಕ್ರಿಯೆಯಿದು. 1963ರಲ್ಲಿ ಈ ಹೆಸರನ್ನು ಕೊಟ್ಟವರು ಬೆಲ್ಜಿಯಂನ ವಿಜ್ಞಾನಿ ಕ್ರಿಸ್ಟಿಯಾನ್ ಡಿ ಡ್ಯೂವ್. ಇನ್ಸುಲಿನ್ ಯಕೃತ್ತಿನಲ್ಲಿ ಹೇಗೆ ಕೆಲಸ ಮಾಡುತ್ತದೆಂದು ಹುಡುಕಲು ಹೊರಟ ಅವರಿಗೆ ಇಲಿಯ ಯಕೃತ್ತಿನಲ್ಲಿ ಅನಿರೀಕ್ಷಿತವಾಗಿ ಸಿಕ್ಕಿದ್ದು ಲೈಸೋಸೋಮ್. ಯೀಸ್ಟ್ ಕೋಶಗಳಲ್ಲಿ ಈ ಕ್ರಿಯೆಯ ಜೀನುಗಳನ್ನು ಪತ್ತೆಹಚ್ಚಿದ ಜಪಾನಿನ ವಿಜ್ಞಾನಿ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದ ಮೇಲೆ ಪದವು ಎಲ್ಲರ ಬಾಯಿಗೂ ಬಂತು. ಅದರೊಂದಿಗೆ ಅವಸರದ ತೀರ್ಮಾನಗಳೂ ಬಂದವು.

ಯಕೃತ್ತಿನ ಕೋಶದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಸಣ್ಣ ಹನಿಗಳಾಗಿ ಶೇಖರವಾಗುತ್ತದೆ. ಶೇಕಡ 5ಕ್ಕಿಂತ ಹೆಚ್ಚು ಕೋಶಗಳಲ್ಲಿ ಇಂಥ ಹನಿಗಳು ಕಂಡರೆ ಅದನ್ನು ಕೊಬ್ಬಿನ ಯಕೃತ್ತು, ಅಂದರೆ ಫ್ಯಾಟಿ ಲಿವರ್ ಎನ್ನುತ್ತಾರೆ. ಈ ಹನಿಗಳನ್ನು ಒಡೆಯುವುದು ಲೈಪೇಸ್ ಕಿಣ್ವಗಳ ಕೆಲಸವೆಂದಷ್ಟೇ ತಿಳಿಯಲಾಗಿತ್ತು. ಸ್ವಭಕ್ಷಣೆಯೂ ಕೊಬ್ಬಿನ ಹನಿಗಳನ್ನು ಹಿಡಿದು ಲೈಸೋಸೋಮಿಗೆ ಒಯ್ಯುತ್ತದೆ, ಸ್ವಭಕ್ಷಣೆಗೆ ಬೇಕಾದ ಎಟಿಜಿ7 ಜೀನನ್ನು ತೆಗೆದುಹಾಕಿದ ಇಲಿಗಳ ಯಕೃತ್ತಿನಲ್ಲಿ ಕೊಬ್ಬು ಹೆಚ್ಚುತ್ತದೆ ಎಂದು 2009ರಲ್ಲಿ ನ್ಯೂಯಾರ್ಕಿನ ರಜತ್ ಸಿಂಗ್, ಅನಾ ಮರಿಯಾ ಕ್ವೆರ್ವೊ, ಮಾರ್ಕ್ ಚಾಜಾ ಮತ್ತು ಸಂಗಡಿಗರು ತೋರಿಸಿದರು. ಇದರಿಂದ ಒಂದು ವಿಷವರ್ತುಲದ ಚಿತ್ರ ಮೂಡಿತು: ಅತಿಯಾದ ಪೋಷಣೆಯಿಂದ ಎಂಟಾರ್ ಎಂಬ ಪ್ರೋಟೀನು ಚುರುಕಾಗಿ ಸ್ವಭಕ್ಷಣೆಯನ್ನು ಅದುಮುತ್ತದೆ, ಸ್ವಭಕ್ಷಣೆ ಕುಗ್ಗಿದಂತೆ ಕೊಬ್ಬು ಬೆಳೆಯುತ್ತದೆ, ಬೆಳೆದ ಕೊಬ್ಬು, ಸ್ವಭಕ್ಷಣೆಯ ಪೊರೆಗಳು ಲೈಸೋಸೋಮಿನೊಡನೆ ಬೆಸೆಯುವುದನ್ನೇ ಕೆಡಿಸುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಸ್ನೇಹಿತರಿಗೆ ಸುಲಭವಾಗಿ ಹೌದೆಂದುಬಿಡುತ್ತಿದ್ದೆ. ಆದರೆ ಅದೇ 2009ರಲ್ಲಿ ಜಪಾನಿನ ಸಂಶೋಧಕರು, ಎಟಿಜಿ7 ಇಲ್ಲದ ಯಕೃತ್ತಿನಲ್ಲಿ ಕೊಬ್ಬಿನ ಹನಿಗಳು ಸರಿಯಾಗಿ ಉಂಟಾಗುವುದೇ ಇಲ್ಲ ಎಂಬ ತದ್ವಿರುದ್ಧ ಫಲಿತಾಂಶವನ್ನು ಪ್ರಕಟಿಸಿದ್ದಾರೆ. ಅಳತೆಯಲ್ಲೂ ಒಂದು ತೊಡಕಿದೆ. ಸ್ವಭಕ್ಷಣೆಯ ಗುರುತಾಗಿ ಬಳಸುವ ಎಲ್‌ಸಿ3 ಪ್ರೋಟೀನು ಕೋಶದಲ್ಲಿ ಹೆಚ್ಚಾಗಿ ಕಂಡರೆ ಕೆಲಸ ಜೋರಾಗಿ ನಡೆದಿದೆ ಎಂದೂ ಅರ್ಥವಾಗಬಹುದು, ಕೊನೆಯ ಹಂತ ಕಟ್ಟಿಕೊಂಡು ಚೀಲಗಳು ಕರಗದೆ ರಾಶಿಬಿದ್ದಿವೆ ಎಂದೂ ಆಗಬಹುದು. ಕಣದಲ್ಲಿ ಮೂಟೆಗಳು ತುಂಬಿರುವುದನ್ನು ಮಾತ್ರ ನೋಡಿ ಫಸಲು ಹೆಚ್ಚಿತೋ ಸಾಗಾಟ ನಿಂತಿತೋ ಹೇಳಲಾಗದಂತೆ ಇದು.

ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ್ದು ಸ್ಟೆಲ್ಲೇಟ್ ಕೋಶಗಳ ವಿಚಾರ. ವಿಟಮಿನ್ ಎ ತುಂಬಿದ ಕೊಬ್ಬಿನ ಹನಿಗಳನ್ನು ಇಟ್ಟುಕೊಂಡು ಸುಮ್ಮನಿರುವ ಈ ಕೋಶಗಳು, ಯಕೃತ್ತಿಗೆ ಪೆಟ್ಟಾದಾಗ ಎಚ್ಚೆತ್ತು ಕೊಲಾಜೆನ್ ಎಂಬ ನಾರಿನ ಪ್ರೋಟೀನನ್ನು ಸುರಿಸಿ ಅಂಗವನ್ನು ನಾರುಗಟ್ಟಿಸುತ್ತವೆ. ಎಚ್ಚರಗೊಳ್ಳಲು ಬೇಕಾದ ಶಕ್ತಿಯನ್ನು ಅವು ಪಡೆಯುವುದು ತಮ್ಮ ಹನಿಗಳನ್ನು ಇದೇ ಸ್ವಭಕ್ಷಣೆಯಿಂದ ಕರಗಿಸಿಕೊಂಡು. ಪಕ್ಕದ ಕೋಶವನ್ನು ಕಾಯುವ ಕ್ರಿಯೆಯೇ ಇಲ್ಲಿ ಯಕೃತ್ತು ನಾರುಗಟ್ಟಿ ಗಡುಸಾಗುವ ಸಿರೋಸಿಸ್ಸಿನ ದಾರಿಗೆ ಎಣ್ಣೆ ಹೊಯ್ಯುತ್ತದೆ. ಹಾಗಿರುವಾಗ ಇಡೀ ಅಂಗದಲ್ಲಿ ಸ್ವಭಕ್ಷಣೆಯನ್ನು ಒಟ್ಟಿಗೆ ಏರಿಸುವುದು ಒಳ್ಳೆಯದೆಂದು ಹೇಗೆ ಹೇಳುವುದು?

ಇನ್ನು ಉಪವಾಸ. ಅದು ಸ್ವಭಕ್ಷಣೆಯನ್ನು ಪ್ರಚೋದಿಸುವುದು ನಿಜ. ಆದರೆ ರಾತ್ರಿಯಿಡೀ ಹಸಿದಿರಿಸಿದ ಇಲಿಯ ಯಕೃತ್ತಿನಲ್ಲಿ ಕೊಬ್ಬು ಇಳಿಯುವ ಬದಲು ಏರಿರುತ್ತದೆ. ಮೈಯ ಕೊಬ್ಬಿನಿಂದ ಕಳಚಿದ ಕೊಬ್ಬಿನಾಮ್ಲಗಳೆಲ್ಲ ಹರಿದು ಬರುವುದು ಅಲ್ಲಿಗೇ. ದೀರ್ಘಕಾಲದಲ್ಲಿ ಯಕೃತ್ತಿನ ಕೊಬ್ಬನ್ನು ಇಳಿಸುವುದಾಗಿ ಚೆನ್ನಾಗಿ ಸಾಬೀತಾಗಿರುವುದು ತೂಕದ ಇಳಿಕೆ. ಶೇಕಡ 5ರಷ್ಟು ಇಳಿದರೂ ಗುಣ ಕಾಣುತ್ತದೆ, ಉರಿಯೂತ ತಗ್ಗಲು ಶೇಕಡ 7ರಿಂದ 10 ಬೇಕಾಗುತ್ತದೆ.

ರಾತ್ರಿ ಸ್ನೇಹಿತರಿಗೆ ಇದನ್ನೆಲ್ಲ ಬರೆದು ಕಳುಹಿಸಿದೆ. ಅವರು ಮಧುಮೇಹದ ಮಾತ್ರೆ ನುಂಗುವವರಾದ್ದರಿಂದ, ವೈದ್ಯರನ್ನು ಕೇಳದೆ ದಿನಗಟ್ಟಲೆ ಉಪವಾಸ ಕೂರಬೇಡಿ ಎಂಬುದನ್ನು ಮೊದಲ ಸಾಲಿನಲ್ಲೇ ಇಟ್ಟೆ.