ಜೇ ಚೌ: ಪಿಯಾನೊ ಸಾಥಿಯಿಂದ ಸ್ಟಾರ್‌ವರೆಗೆ

1998ರಲ್ಲಿ ತೈವಾನಿನ ಟಿವಿ ಪ್ರತಿಭಾ ಸ್ಪರ್ಧೆಯೊಂದಕ್ಕೆ ಅಲ್ಲಿನ ಗಾಯಕ, ಸಂಗೀತ ಸಂಯೋಜಕ ಜೇ ಚೌ ಹೋಗಿದ್ದು ಹಾಡಲಿಕ್ಕಲ್ಲ, ಗೆಳೆಯನ ಹಾಡಿಗೆ ಪಿಯಾನೊ ನುಡಿಸಲು. ಪ್ರದರ್ಶನ ನೆಲಕಚ್ಚಿತು. ಆದರೆ ನಿರೂಪಕ ಜಾಕಿ ವೂ ಸ್ವರಲಿಪಿಯ ಹಾಳೆ ನೋಡಿ ಬೆರಗಾಗಿ, ಅದನ್ನು ಬರೆದ ಚೌ ಅವರನ್ನೇ ತಮ್ಮ ಸಂಗೀತ ಕಂಪನಿಗೆ ಕರೆದುಕೊಂಡರು. ಮೊದಲ ಆಲ್ಬಂ 'ಜೇ' ಬಂದದ್ದು 2000ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ಬೇರೆಯವರಿಗೆ ಹಾಡು ಕಟ್ಟಿಕೊಡುವ ಕೆಲಸ.

ಅವರ ನಿಜವಾದ ಕೈಚಳಕ ಇರುವುದು 'ಚೀನೀ ಗಾಳಿ' ಎಂದು ಕರೆಸಿಕೊಳ್ಳುವ ಶೈಲಿಯಲ್ಲಿ. 2003ರ 'ದೊಂಗ್ ಫೆಂಗ್ ಪೊ' ಕೇಳಿ. ಐದು ಸ್ವರಗಳ ಶ್ರೇಣಿ (ನಮ್ಮ ಮೋಹನದ ಸ ರಿ ಗ ಪ ದ ನೆನಪಾದರೆ ಆಶ್ಚರ್ಯವಿಲ್ಲ), ಪೀಪಾ (ಮೀಟಿ ನುಡಿಸುವ ಚೀನೀ ತಂತಿವಾದ್ಯ), ಅರ್ಹು (ಕಮಾನಿನಿಂದ ನುಡಿಸುವ ಎರಡು ತಂತಿಯ ವಾದ್ಯ), ಅಡಿಯಲ್ಲಿ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ತಾಳ. ಸಾಹಿತ್ಯ ವಿನ್ಸೆಂಟ್ ಫಾಂಗ್ ಅವರದು. ತೊಡಕೆಂದರೆ ಉಚ್ಚಾರ. ಅವರು ಹಾಡುವ ಚೀನೀ ಭಾಷೆ ಮ್ಯಾಂಡರಿನ್‌ನಲ್ಲಿ ಸ್ವರದ ಏರಿಳಿತವೇ ಅರ್ಥ ಬದಲಿಸುತ್ತದೆ. ಹಾಡಿನ ಧಾಟಿ ಅದನ್ನು ಅಳಿಸಿಹಾಕುತ್ತದೆ, ಅದರ ಮೇಲೆ ಚೌ ಪದಗಳನ್ನು ನುಂಗುತ್ತಾರೆ. ಮಾತೃಭಾಷಿಕರೇ ಸಾಹಿತ್ಯದ ಹಾಳೆ ಹುಡುಕುತ್ತಾರೆ. ನನಗಂತೂ ಅದು ದೋಷವಲ್ಲ, ಗುರುತು.

ನಟನೆಯಲ್ಲಿ 2005ರ 'ಇನಿಶಿಯಲ್ ಡಿ' ಚಿತ್ರ ತೈವಾನಿನ ಗೋಲ್ಡನ್ ಹಾರ್ಸ್ ಚಲನಚಿತ್ರ ಪ್ರಶಸ್ತಿಗಳಲ್ಲಿ ಹೊಸ ಪ್ರತಿಭೆ ಪ್ರಶಸ್ತಿ ತಂದಿತು. ಮರುವರ್ಷ ಚೀನೀ ನಿರ್ದೇಶಕ ಜಾಂಗ್ ಯಿಮೌ ಅವರ ಚಿತ್ರದಲ್ಲಿ ರಾಜಕುಮಾರ. 2007ರಲ್ಲಿ ತಾವೇ ನಿರ್ದೇಶಿಸಿ ನಟಿಸಿದ 'ಸೀಕ್ರೆಟ್' ಅನ್ನು ತಾವು ಓದಿದ, ತೈವಾನಿನ ತಾಮ್‌ಶುಯಿಯ ಶಾಲೆಯಲ್ಲೇ ಚಿತ್ರೀಕರಿಸಿದರು. ಅದರಲ್ಲಿನ ಪಿಯಾನೊ ಜುಗಲ್‌ಬಂದಿಗಾದರೂ ನೋಡಬೇಕು. 2011ರಲ್ಲಿ ಹಾಲಿವುಡ್‌ನ 'ದಿ ಗ್ರೀನ್ ಹಾರ್ನೆಟ್': ಹಿಂದೆ ಟಿವಿಯಲ್ಲಿ ಬ್ರೂಸ್ ಲೀ ಮಾಡಿದ್ದ ಕೇಟೊ ಪಾತ್ರ.